ಅಜ್ಜನ ಕೆಮ್ಮಿಗೆ ವಯಸ್ಸು ಉತ್ತರವಲ್ಲ

ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಂಥ ಊರಿನಲ್ಲಿ ಕೆಮ್ಮಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಭದ್ರಾ ನಾಲೆಯ ನೀರು ಹರಿದ ಮೇಲೆ ಈ ಸೀಮೆ ಭತ್ತದ ಸೀಮೆಯಾಯಿತು. ಭತ್ತದ ಬೆನ್ನಿಗೇ ರೈಸ್‌ಮಿಲ್ಲುಗಳು ಬಂದವು, ಮಿಲ್ಲುಗಳ ಜೊತೆಗೆ ತೌಡಿನ ದೂಳು, ಹೊಟ್ಟು ಉರಿಸಿದ ಹೊಗೆ. ಕೊಯ್ಲಿನ ದಿನಗಳಲ್ಲಿ ಯಂತ್ರ ಎಬ್ಬಿಸುವ ಸುಂಕು ಗದ್ದೆಯಿಂದ ಊರೊಳಕ್ಕೂ ತೇಲಿ ಬರುತ್ತದೆ. ಅದರ ಮೇಲೆ ನಲವತ್ತು ವರ್ಷದ ಬೀಡಿ, ಅಷ್ಟೇ ವರ್ಷದ ಸೌದೆ ಒಲೆ, ಚಳಿಗಾಲದ ಇಬ್ಬನಿ. ಕುಂಬಳೂರಿನಲ್ಲೋ ಜಿಗಳಿಯಲ್ಲೋ ಕೊಮಾರನಹಳ್ಳಿಯಲ್ಲೋ ಎಪ್ಪತ್ತು ದಾಟಿದ ಒಬ್ಬರು ಕೆಮ್ಮಿದರೆ ಮನೆಯವರ ಬಳಿ ಇಷ್ಟೂ ಉತ್ತರ ಸಿದ್ಧವಾಗಿರುತ್ತವೆ. ಎಲ್ಲ ಮುಗಿದ ಮೇಲೆ ಕೊನೆಯದೊಂದು ಇದ್ದೇ ಇದೆ: ‘ವಯಸ್ಸಾತಲ್ಲ, ಇನ್ನೇನು.’ ಆ ಪಟ್ಟಿಯಲ್ಲಿ ಕ್ಷಯದ ಹೆಸರು ಬರುವುದು ಬಹಳ ತಡವಾಗಿ. ಎಷ್ಟೋ ಸಲ ಬರುವುದೇ ಇಲ್ಲ. ಅರವತ್ತು ದಾಟಿದವರಲ್ಲಿ ಶ್ವಾಸಕೋಶದ ಕ್ಷಯ ಪತ್ತೆಯಾಗದೆ ಉಳಿಯುವುದು ಲಕ್ಷಣಗಳು ಕಡಿಮೆ ಎಂಬುದಕ್ಕಿಂತ ಹೆಚ್ಚಾಗಿ, ಇರುವ ಪ್ರತಿ ಲಕ್ಷಣಕ್ಕೂ ಬೇರೊಂದು ವಿವರಣೆ ಮೊದಲೇ ಸಿಕ್ಕಿಬಿಡುತ್ತದೆ ಎಂಬ ಕಾರಣಕ್ಕೆ. ಆದ್ದರಿಂದ ವಯಸ್ಸನ್ನು ಕೆಮ್ಮಿಗೆ ಸಮಾಧಾನವಾಗಿ ಬಳಸುವುದನ್ನು ಬಿಟ್ಟು ಪರೀಕ್ಷೆಗೆ ಕಾರಣವಾಗಿ ಬಳಸಬೇಕು ಎಂಬುದು ನನ್ನ ವಾದ.

ಕ್ಷಯ ಎಂದರೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಹರೆಯದ್ದು. ಹಳೆಯ ಸಿನಿಮಾದ ನಾಯಕ ಕೆಮ್ಮುತ್ತಾನೆ, ಕರವಸ್ತ್ರದಲ್ಲಿ ರಕ್ತ ಕಾಣುತ್ತದೆ, ಹಿನ್ನೆಲೆಯಲ್ಲಿ ಪಿಟೀಲು. ಅಂಕಿಅಂಶಗಳು ಹೇಳುವುದೇ ಬೇರೆ. 2019ರಿಂದ 2021ರವರೆಗೆ ದೇಶದಾದ್ಯಂತ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ, 15 ವರ್ಷ ಮೇಲ್ಪಟ್ಟ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಕ್ಷಯ ಇರುವುದು ಕಫ ಪರೀಕ್ಷೆಯಿಂದ ಖಚಿತವಾಯಿತು. 55 ದಾಟಿದವರನ್ನಷ್ಟೇ ಬೇರೆಯಾಗಿ ಎಣಿಸಿದರೆ ಆ ಸಂಖ್ಯೆ 588. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಕ್ಷಯದ ಬ್ಯಾಕ್ಟೀರಿಯಾ ಒಳಹೊಕ್ಕ ಬಹುತೇಕರಲ್ಲಿ ಅದು ರೋಗವಾಗದೆ ದಶಕಗಳ ಕಾಲ ಸುಮ್ಮನಿರುತ್ತದೆ. ಅದೇ ಸಮೀಕ್ಷೆಯ ಪ್ರಕಾರ 15 ದಾಟಿದ ಭಾರತೀಯರಲ್ಲಿ ಶೇ 31ರಷ್ಟು ಮಂದಿಗೆ ಅಂಥ ಸೋಂಕು ಇದೆ. ಇಪ್ಪತ್ತರ ಹರೆಯದಲ್ಲಿ ಅಂಟಿದ್ದು ಎಪ್ಪತ್ತರಲ್ಲಿ, ದೇಹದ ಕಾವಲು ಸಡಿಲವಾದಾಗ, ಸಕ್ಕರೆ ಕಾಯಿಲೆ ಬಂದಾಗ, ಊಟ ಕಡಿಮೆಯಾದಾಗ ಮೇಲೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದಲ್ಲಿ ತುಮಕೂರು ಮತ್ತು ಬೆಂಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಗಳಲ್ಲೂ ವಯಸ್ಸು ಏರಿದಂತೆ, ಅದರಲ್ಲೂ ಗಂಡಸರಲ್ಲಿ, ರೋಗದ ಪ್ರಮಾಣ ಏರಿದ್ದು ಕಂಡಿತ್ತು. ಅಂದರೆ ಕರ್ನಾಟಕದ ಹಳ್ಳಿಗಳೇ ಈ ಮಾತನ್ನು ಆರು ದಶಕಗಳ ಹಿಂದೆ ಹೇಳಿ ಮುಗಿಸಿವೆ. ಕೇಳಿಸಿಕೊಂಡವರು ಕಡಿಮೆ.

ಹಾಗಾದರೆ ವಯಸ್ಸಾದವರಲ್ಲಿ ಈ ರೋಗ ಹೇಗೆ ಕಾಣಿಸಿಕೊಳ್ಳುತ್ತದೆ? ಮೆಕ್ಸಿಕೋದ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಿರಿಯ ಮತ್ತು ಹಿರಿಯ ರೋಗಿಗಳನ್ನು ಹೋಲಿಸಿ ನೋಡಿದರು. ಅದು 1999ರಲ್ಲಿ ‘ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿರಿಯರಲ್ಲಿ ಜ್ವರ ಕಡಿಮೆ, ರಾತ್ರಿ ಬೆವರು ಕಡಿಮೆ, ಕಫದಲ್ಲಿ ರಕ್ತ ಕಡಿಮೆ, ಎಕ್ಸ್‌ರೇಯಲ್ಲಿ ಕಾಣುವ ಗುಳಿಗಳೂ ಕಡಿಮೆ. ಹೆಚ್ಚು ಕಂಡದ್ದು ಏದುಸಿರು, ಜೊತೆಗೆ ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಹಳೆಯ ಶ್ವಾಸಕೋಶದ ಕಾಯಿಲೆ. ಇದಕ್ಕೆ ಕಾರಣವೂ ಊಹಿಸುವಂಥದ್ದೇ. ಜ್ವರ, ಬೆವರು, ಗುಳಿ ಇವೆಲ್ಲ ಬ್ಯಾಕ್ಟೀರಿಯಾ ತಾನಾಗಿ ಉಂಟುಮಾಡುವುದಕ್ಕಿಂತ ಅದರ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯಿಂದ ಬರುವಂಥವು. ಪ್ರತಿಕ್ರಿಯೆ ಮಂದವಾದರೆ ಸದ್ದೂ ಕಡಿಮೆಯಾಗುತ್ತದೆ. ಎಷ್ಟೋ ಹಿರಿಯರ ಮೈಯ ಸಾಮಾನ್ಯ ಉಷ್ಣತೆಯೇ ಒಂದಿಷ್ಟು ಕಡಿಮೆ ಇರುವುದರಿಂದ, ಇರುವ ಜ್ವರವೂ ಥರ್ಮಾಮೀಟರಿನಲ್ಲಿ ಜ್ವರವಾಗಿ ಕಾಣದೆ ಹೋಗಬಹುದು. ಆದರೆ ಆ ಹೋಲಿಕೆಯ ಇನ್ನೊಂದು ಫಲಿತಾಂಶವನ್ನು ಉಲ್ಲೇಖಿಸುವವರು ಕಡಿಮೆ, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕೆಮ್ಮು, ಕಫ, ತೂಕ ಇಳಿಯುವುದು, ಸುಸ್ತು ಈ ನಾಲ್ಕರಲ್ಲಿ ಕಿರಿಯರಿಗೂ ಹಿರಿಯರಿಗೂ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ವಯಸ್ಸಾದವರ ಕ್ಷಯಕ್ಕೆ ಲಕ್ಷಣಗಳೇ ಇಲ್ಲ ಎನ್ನುವ ಮಾತು ಹಾಗಾಗಿ ಪೂರ್ತಿ ಸರಿಯಲ್ಲ. ಜನರನ್ನು ಹೆದರಿಸಿ ಆಸ್ಪತ್ರೆಗೆ ಓಡಿಸುವ ಲಕ್ಷಣಗಳು, ಮುಖ್ಯವಾಗಿ ರಕ್ತ ಮತ್ತು ಜ್ವರ, ಹಿಂದೆ ಸರಿಯುತ್ತವೆ. ಯಾರನ್ನೂ ಹೆದರಿಸದ, ವಯಸ್ಸಿನ ಲೆಕ್ಕಕ್ಕೆ ಸುಲಭವಾಗಿ ಬರೆದುಬಿಡಬಹುದಾದ ಲಕ್ಷಣಗಳು ಉಳಿದುಕೊಳ್ಳುತ್ತವೆ.

ತೂಕದ ವಿಷಯವನ್ನೇ ತೆಗೆದುಕೊಳ್ಳಿ. ಇಪ್ಪತ್ತೈದರ ಹುಡುಗ ಮೂರು ತಿಂಗಳಲ್ಲಿ ಆರು ಕಿಲೋ ಇಳಿದರೆ ಬೀದಿಯೇ ಕೇಳುತ್ತದೆ. ಎಪ್ಪತ್ತೆರಡರ ಅಜ್ಜಿ ಅಷ್ಟೇ ಇಳಿದರೆ, ಹಲ್ಲಿಲ್ಲ, ಬಾಯಿಗೆ ರುಚಿಯಿಲ್ಲ, ರೊಟ್ಟಿ ಜಗಿಯಲಾಗುವುದಿಲ್ಲ, ಗಂಡ ತೀರಿಕೊಂಡ ಕೊರಗು ಎಂದು ಒಂದೊಂದೇ ಕಾರಣ ಜೋಡಿಸಲಾಗುತ್ತದೆ. ಈ ಕಾರಣಗಳಲ್ಲಿ ಯಾವುದೂ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಸುಳ್ಳು ವಿವರಣೆಯನ್ನು ಯಾರಾದರೂ ತಿದ್ದಬಹುದು. ಅರ್ಧ ನಿಜವಾದ ವಿವರಣೆ ಯಾರಿಗೂ ಅನುಮಾನ ಹುಟ್ಟಿಸುವುದಿಲ್ಲ. ದಿನವೂ ಜೊತೆಯಲ್ಲಿರುವವರಿಗೆ ಸೊರಗುವುದು ಕಾಣುವುದೂ ಕಷ್ಟ. ಬೆಂಗಳೂರಿನಿಂದ ಯುಗಾದಿಗೆ ಬಂದ ಮಗನೋ ಮಗಳೋ ‘ಏನವ್ವ, ಇಷ್ಟು ಬಡವಾಗೀಯ’ ಎಂದಾಗಲೇ ಬಳೆ ಸಡಿಲವಾದದ್ದು, ರವಿಕೆ ಜೋಲಿದ್ದು ಮನೆಯವರ ಗಮನಕ್ಕೆ ಬರುತ್ತದೆ. ಎಷ್ಟೋ ಸಲ ಅದಕ್ಕಿಂತಲೂ ಹಿಂದೆ ಬರುವ ಸೂಚನೆಗಳು ಇನ್ನೂ ಅಸ್ಪಷ್ಟ. ಅರ್ಧ ಚಪಾತಿ ಬಿಟ್ಟೇಳುವುದು, ಬೆಳಗ್ಗೆ ಗುಡಿಯವರೆಗೆ ನಡೆಯುತ್ತಿದ್ದವರು ಕಟ್ಟೆಯ ಮೇಲೇ ಕೂತುಬಿಡುವುದು, ಮಾತು ಕಡಿಮೆಯಾಗುವುದು, ಕೆಲವರಲ್ಲಿ ಸ್ವಲ್ಪ ಮಂಕು, ಗೊಂದಲ. ಪುಸ್ತಕದಲ್ಲಿ ಬರೆದ ಕ್ಷಯದ ಲಕ್ಷಣಗಳಲ್ಲಿ ಇವಕ್ಕೆ ಮೊದಲ ಸಾಲಿನ ಸ್ಥಾನವಿಲ್ಲ, ಪೋಸ್ಟರಿನಲ್ಲಂತೂ ಸ್ಥಾನವೇ ಇಲ್ಲ.

ಮನೆಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ದಮ್ಮು ಎಂದು ಕ್ಲಿನಿಕ್ಕಿಗೆ ಹೋದ ಹಿರಿಯರಿಗೆ ಅಲ್ಲಿ ಸಿಗುವುದೂ ಬಹಳ ಸಲ ದಮ್ಮಿನ ಚಿಕಿತ್ಸೆಯೇ. ನೆಬುಲೈಸರ್, ಒಂದು ಸ್ಟಿರಾಯ್ಡ್ ಇಂಜೆಕ್ಷನ್, ಐದು ದಿನದ ಆ್ಯಂಟಿಬಯಾಟಿಕ್. ಜನ ‘ಡೆಕ್ಸಾ’ ಎಂದು ಹೆಸರಿಟ್ಟು ಕೇಳುವ ಆ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಎರಡು ದಿನ ಉಸಿರು ಹಗುರಾಗುತ್ತದೆ, ಹಸಿವೂ ಆಗುತ್ತದೆ. ಒಳಗೆ ಕ್ಷಯವಿದ್ದರೆ ಅದೇ ಔಷಧ ದೇಹದ ಪ್ರತಿರೋಧವನ್ನು ತಗ್ಗಿಸಿ ರೋಗಕ್ಕೆ ದಾರಿ ಮಾಡಿಕೊಡುತ್ತದೆ. ಎದೆಯ ಸೋಂಕಿಗೆಂದು ಲೆವೊಫ್ಲಾಕ್ಸಸಿನ್ ಕೊಟ್ಟರೆ ಇನ್ನೊಂದು ತೊಡಕು. ಆ ಗುಂಪಿನ ಔಷಧಗಳು ಕ್ಷಯದ ಬ್ಯಾಕ್ಟೀರಿಯಾವನ್ನೂ ಒಂದಿಷ್ಟು ಅದುಮುವುದರಿಂದ ರೋಗಿ ಸುಧಾರಿಸಿದಂತೆ ಕಾಣುತ್ತಾರೆ, ನ್ಯುಮೋನಿಯಾ ವಾಸಿಯಾಯಿತೆಂದು ಎಲ್ಲರೂ ನಂಬುತ್ತಾರೆ, ಕೆಲವು ವಾರಗಳ ಮೇಲೆ ಮತ್ತೆ ಅದೇ ಕೆಮ್ಮು. ಎಕ್ಸ್‌ರೇ ತೆಗೆಸಿದರೂ ಗೊಂದಲ ಪೂರ್ತಿ ತೀರುವುದಿಲ್ಲ. ಕಿರಿಯರಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಗುಳಿಯೊಂದಿಗೆ ಕಾಣುವ ಕ್ಷಯ, ಹಿರಿಯರಲ್ಲಿ, ಮುಖ್ಯವಾಗಿ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಮಧ್ಯಭಾಗದಲ್ಲೋ ಕೆಳಭಾಗದಲ್ಲೋ ಮಂಜು ಕವಿದಂತೆ ಕಂಡು ನ್ಯುಮೋನಿಯಾ ಎನ್ನಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹೀಗಿದ್ದೂ ಸಣ್ಣಗಾಗಿರುವುದು ಶುಗರ್ ಜಾಸ್ತಿಯಾಗಿ ಎಂದು ಮಾತ್ರೆಯ ಪ್ರಮಾಣ ಏರಿಸಿ ಕಳಿಸುವುದು ನಡೆಯುತ್ತಲೇ ಇದೆ. ಶುಗರ್ ಯಾಕೆ ಏರಿತು ಎಂಬ ಮುಂದಿನ ಪ್ರಶ್ನೆ ಕೇಳಲು ಇಪ್ಪತ್ತು ಜನ ಹೊರಗೆ ಕಾಯುತ್ತಿರುವಾಗ ವೈದ್ಯರಿಗೆ ಪುರುಸೊತ್ತು ಸಿಗುವುದಿಲ್ಲ.

ಇಲ್ಲಿ ತುಮಕೂರಿನ ಒಂದು ಅಧ್ಯಯನವನ್ನು ನೆನೆಯಬೇಕು. ಬೆಂಗಳೂರಿನ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆಯಲ್ಲಿ ಪತ್ತೆಯಾದ ಕ್ಷಯ ರೋಗಿಗಳನ್ನು ಮಾತನಾಡಿಸಿ, 1963ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಮೈಲುಗಟ್ಟಲೆ ಪ್ರಚಾರ ಮಾಡಿದರಷ್ಟೇ ಬಂದಾರು ಎಂಬ ಆಗಿನ ನಂಬಿಕೆಯನ್ನು ಆ ವರದಿ ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು, ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಪರಿಹಾರ ಹುಡುಕಿಕೊಂಡು ಹೋಗಿದ್ದರು. ಹೋದವರಲ್ಲಿ ಹೆಚ್ಚಿನವರನ್ನು ಆಸ್ಪತ್ರೆಗಳು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ವಾಪಸು ಕಳಿಸಿದ್ದವು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಒಳಗೇ ಕಟ್ಟಬೇಕು, ಕೆಮ್ಮು ಎಂದು ಬಂದವರ ಕಫವನ್ನು ಅಲ್ಲೇ ನೋಡಬೇಕು ಎಂಬ ತೀರ್ಮಾನಕ್ಕೆ ಈ ಬಗೆಯ ಕೆಲಸವೇ ಆಧಾರವಾಯಿತು. ಈಗ 2019–21ರ ಸಮೀಕ್ಷೆಗೆ ಬನ್ನಿ. ಲಕ್ಷಣವಿದ್ದೂ ಚಿಕಿತ್ಸೆಗೆ ಹೋಗದವರು ಶೇ 64ರಷ್ಟು. ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ ಅವರಲ್ಲಿ ಶೇ 68 ಮಂದಿ ಲಕ್ಷಣವನ್ನು ತಾವು ಲಕ್ಷಿಸಲಿಲ್ಲ ಎಂದರು; ದುಡ್ಡಿಲ್ಲದೆ ಹೋಗಲಿಲ್ಲ ಎಂದವರು ಶೇ 2 ಮಾತ್ರ. ಎರಡೂ ಅಧ್ಯಯನಗಳ ಅಳತೆಗೋಲು ಒಂದೇ ಅಲ್ಲವಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ಒಂದು ಮಾತು ಹೇಳಬಹುದು. ಅಂದು ಬಾಟಲಿ ಕೊಟ್ಟು ಕಳಿಸುತ್ತಿದ್ದ ಕೆಲಸವನ್ನು ಈಗ ಎಷ್ಟೋ ಮಟ್ಟಿಗೆ ನಾವೇ ಮಾಡಿಕೊಳ್ಳುತ್ತಿದ್ದೇವೆ, ಮೆಡಿಕಲ್ ಶಾಪಿನ ಸಿರಪ್ಪಿನ ನೆರವಿನಿಂದ.

ಲಕ್ಷಣ ಕೇಳಿ ಹುಡುಕುವ ಪದ್ಧತಿ ಹಿರಿಯರ ಮಟ್ಟಿಗೆ ಸಾಲದು ಎನ್ನುವುದಕ್ಕೆ ಅದೇ ಸಮೀಕ್ಷೆಯಲ್ಲಿ ಬಲವಾದ ಸಾಕ್ಷ್ಯವಿದೆ. ಎಕ್ಸ್‌ರೇ ತೆಗೆಯದೆ, ಎರಡು ವಾರದ ಕೆಮ್ಮು, ಜ್ವರ, ತೂಕ ಇಳಿಕೆ ಇತ್ಯಾದಿ ಕೇಳಿ ಮಾತ್ರ ಹುಡುಕಿದ್ದರೆ, ಸಿಕ್ಕ ರೋಗಿಗಳಲ್ಲಿ ಶೇ 42.6ರಷ್ಟು ಮಂದಿ ಕೈತಪ್ಪುತ್ತಿದ್ದರು. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. ‘ಕೆಮ್ಮು ಇದೆಯೇ’ ಎಂದರೆ ‘ಅದು ಯಾವಾಗಲೂ ಇದ್ದದ್ದೇ’ ಎನ್ನುವ ವಯಸ್ಸಿನವರಲ್ಲಿ ಪ್ರಶ್ನೆಪಟ್ಟಿಯ ಗತಿ ಇನ್ನೇನಾಗಬೇಕು? ಕಫ ಪರೀಕ್ಷೆಯದ್ದೂ ಒಂದು ಕಥೆ. ಡಬ್ಬಿ ಕೊಟ್ಟು ‘ಕಫ ತನ್ನಿ’ ಎಂದರೆ ವಯಸ್ಸಾದವರಿಂದ ಬರುವುದು ಎಷ್ಟೋ ಸಲ ಎಂಜಲು. ಆಳದಿಂದ ಕೆಮ್ಮಿ ತೆಗೆಯುವ ಶಕ್ತಿ ಇರುವುದಿಲ್ಲ. ಹೆಂಗಸರಿಗೆ ಎಲ್ಲರೆದುರು ಉಗುಳುವ ಸಂಕೋಚ, ಜೀವಮಾನವಿಡೀ ಕಫ ನುಂಗಿಯೇ ಅಭ್ಯಾಸ. ಎಂಜಲಿನಲ್ಲಿ ಬ್ಯಾಕ್ಟೀರಿಯಾ ಸಿಗದಿದ್ದಾಗ ‘ಟಿ.ಬಿ. ಇಲ್ಲ’ ಎಂಬ ಚೀಟಿ ಸಿಗುತ್ತದೆ, ಆ ಚೀಟಿ ಮುಂದಿನ ಆರು ತಿಂಗಳ ಅನುಮಾನಕ್ಕೆ ಬೀಗ ಹಾಕುತ್ತದೆ. ಬೆಳಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘ ಉಸಿರೆಳೆದು, ಮನೆಯ ಹೊರಗೆ ಬಯಲಿನಲ್ಲಿ ನಿಂತು ಕೆಮ್ಮಿ ತೆಗೆಯಬೇಕು ಎಂದು ಯಾರಾದರೂ ಐದು ನಿಮಿಷ ಕೂತು ಹೇಳಿಕೊಟ್ಟರೆ ಫಲಿತಾಂಶವೇ ಬೇರೆಯಾಗುತ್ತದೆ. ಸೂಕ್ಷ್ಮದರ್ಶಕಕ್ಕೆ ಸಿಗದ ಅಲ್ಪ ಪ್ರಮಾಣವನ್ನೂ ಹಿಡಿಯುವ ಟ್ರೂನಾಟ್, ಸಿಬಿನಾಟ್ ಪರೀಕ್ಷೆಗಳು ಈಗ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಟ್ರೂನಾಟ್ ತಂತ್ರಜ್ಞಾನ ರೂಪುಗೊಂಡದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಯಂತ್ರ ಎಷ್ಟೇ ಚುರುಕಾದರೂ ಎಂಜಲಿನಿಂದ ಕ್ಷಯ ಹುಡುಕಲಾರದು ಅಷ್ಟೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಖರ್ಚಿನದು. 2011ರ ಜನಗಣತಿಯ ವೇಳೆಗೇ ಕರ್ನಾಟಕದ ಜನಸಂಖ್ಯೆಯಲ್ಲಿ ಶೇ 9.5ರಷ್ಟು ಮಂದಿ ಅರವತ್ತು ದಾಟಿದವರು. ಈಗ ಇನ್ನೂ ಹೆಚ್ಚು. ಅಷ್ಟೂ ಜನರ ಎದೆಯ ಎಕ್ಸ್‌ರೇ ತೆಗೆಸುವುದು ಆಗುವ ಮಾತೇ? ಪ್ರತಿ ವರ್ಷ ಎಲ್ಲರಿಗೂ ಎಂದರೆ ಆಗದು, ಬೇಕಾಗಿಯೂ ಇಲ್ಲ. ಅರವತ್ತು ದಾಟಿ ಜೊತೆಗೆ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹಿಂದೆ ಒಮ್ಮೆ ಕ್ಷಯ ಬಂದಿದ್ದುದು, ಮನೆಯಲ್ಲಿ ಯಾರಿಗಾದರೂ ಕ್ಷಯ, ಎದ್ದು ಕಾಣುವ ತೂಕ ಇಳಿಕೆ ಇವುಗಳಲ್ಲಿ ಒಂದಾದರೂ ಇದ್ದರೆ ಲಕ್ಷಣದ ದಾರಿ ಕಾಯದೆ ಎಕ್ಸ್‌ರೇ ತೆಗೆಯಿರಿ ಎಂದರೆ ಸಂಖ್ಯೆ ಹಿಡಿತಕ್ಕೆ ಬರುತ್ತದೆ. ಈ ಆಲೋಚನೆ ಸರ್ಕಾರಕ್ಕೂ ಹೊಸದಲ್ಲ. 2024ರ ಡಿಸೆಂಬರ್ 7ರಂದು 347 ಜಿಲ್ಲೆಗಳಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಹೆಚ್ಚಿನ ಅಪಾಯವಿರುವವರ ಪಟ್ಟಿಯಲ್ಲಿ ಅರವತ್ತು ದಾಟಿದವರ ಹೆಸರಿತ್ತು, ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರಗಳೂ ಇದ್ದವು. ನನ್ನ ತಕರಾರು ‘ನೂರು ದಿನ’ ಎಂಬ ಭಾಗದ ಬಗ್ಗೆ. ಅಭಿಯಾನ ಬರುತ್ತದೆ, ಫೋಟೊ ತೆಗೆಸಿಕೊಳ್ಳುತ್ತದೆ, ಹೋಗುತ್ತದೆ. ವಯಸ್ಸಾಗುವುದು ಅಭಿಯಾನದ ಕ್ಯಾಲೆಂಡರ್ ನೋಡಿಕೊಂಡಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಹೀಗೆ ಹುಡುಕಹೊರಟರೆ ಇಲ್ಲದ ಕ್ಷಯಕ್ಕೂ ಮಾತ್ರೆ ನುಂಗಿಸುವ ಅಪಾಯವಿಲ್ಲವೇ? ಇದೆ. ವಯಸ್ಸಾದವರ ಎದೆಯಲ್ಲಿ ಹಳೆಯ ಗಾಯದ ಕಲೆಗಳಿರುತ್ತವೆ, ಅದನ್ನು ಹೊಸ ರೋಗವೆಂದು ಓದಬಹುದು. ಹಿಂದೆ ಚಿಕಿತ್ಸೆ ಪಡೆದವರ ಕಫದಲ್ಲಿ ಸತ್ತ ಬ್ಯಾಕ್ಟೀರಿಯಾದ ಅಂಶ ಉಳಿದಿದ್ದರೂ ಟ್ರೂನಾಟ್‌ನಂಥ ಪರೀಕ್ಷೆ ‘ಇದೆ’ ಎನ್ನಬಹುದು. ಎಲ್ಲಕ್ಕಿಂತ ದೊಡ್ಡದು ಶ್ವಾಸಕೋಶದ ಕ್ಯಾನ್ಸರ್. ಕೆಮ್ಮು, ಸೊರಗುವಿಕೆ, ಎಕ್ಸ್‌ರೇಯಲ್ಲಿ ನೆರಳು, ಬೀಡಿಯ ಇತಿಹಾಸ ಎಲ್ಲವೂ ಎರಡು ರೋಗಗಳಿಗೂ ಸಮಾನ. ಕಫದಲ್ಲಿ ಏನೂ ಸಿಗದಿದ್ದರೂ ‘ನೋಡೋಣ’ ಎಂದು ಕ್ಷಯದ ಮಾತ್ರೆ ಶುರುಮಾಡಿ, ಕ್ಯಾನ್ಸರ್ ಗುರುತಿಸುವಷ್ಟರಲ್ಲಿ ತಿಂಗಳುಗಳು ಕಳೆದುಹೋದ ರೋಗಿಗಳನ್ನು ನಮ್ಮ ದೇಶದ ಕ್ಯಾನ್ಸರ್ ಆಸ್ಪತ್ರೆಗಳು ಬಹಳ ಕಂಡಿವೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ದುರ್ಬಲಗೊಳಿಸುವ ಬದಲು ಬಿಗಿಗೊಳಿಸುತ್ತದೆ. ಊಹೆಯ ಮೇಲೆ ಕ್ಷಯವಲ್ಲ ಎನ್ನುವುದೂ ಊಹೆಯ ಮೇಲೆ ಕ್ಷಯ ಎನ್ನುವುದೂ ಒಂದೇ ಅಭ್ಯಾಸದ ಎರಡು ಮುಖ. ಎಕ್ಸ್‌ರೇಯಲ್ಲಿ ಅನುಮಾನ ಬಂದವರಿಗೆ ಸರಿಯಾದ ಕಫದ ಪರೀಕ್ಷೆ, ಅದು ಆಗದಿದ್ದರೆ ಸ್ಕ್ಯಾನ್, ಬೇಕಾದರೆ ಬ್ರಾಂಕೋಸ್ಕೋಪಿ ಎಂಬ ಸರಪಳಿ ಇಲ್ಲದೆ ಎಕ್ಸ್‌ರೇ ಒಂದನ್ನೇ ಹಳ್ಳಿಗೆ ಒಯ್ದರೆ ಗೊಂದಲವೇ ಹೆಚ್ಚೀತು. ದಾವಣಗೆರೆಯ ಮಟ್ಟಿಗೆ ಈ ಸರಪಳಿ ಕಟ್ಟುವುದು ಅಸಾಧ್ಯವೇನಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಜೆಜೆಎಂ ಮತ್ತು ಎಸ್‌ಎಸ್ ಎಂಬ ಎರಡು ವೈದ್ಯಕೀಯ ಕಾಲೇಜುಗಳಿವೆ. ರಾಜ್ಯದ ಎಷ್ಟೋ ಜಿಲ್ಲೆಗಳು ಅಸೂಯೆಪಡುವಷ್ಟು ವೈದ್ಯರು ಒಂದೇ ಊರಿನಲ್ಲಿದ್ದಾರೆ.

ವಯಸ್ಸಾದವರು ಈ ಮಾತ್ರೆಗಳನ್ನು ತಾಳಲಾರರು ಎನ್ನುವವರಿದ್ದಾರೆ. ಮಾತು ಪೂರ್ತಿ ಆಧಾರರಹಿತವಲ್ಲ. ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಯಕೃತ್ತಿಗೆ ಭಾರ, ಆ ಅಪಾಯ ವಯಸ್ಸಿನೊಂದಿಗೆ ಏರುತ್ತದೆ. ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡಬಹುದು, ಮೊದಲೇ ಪೊರೆ ಬಂದ ಕಣ್ಣಿನಲ್ಲಿ ಅದು ಗೊತ್ತಾಗುವುದೇ ತಡ. ರಿಫಾಂಪಿಸಿನ್ ಶುರುವಾದ ಮೇಲೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಬಲ ಕುಗ್ಗುತ್ತದೆ, ರಕ್ತ ತೆಳುಮಾಡುವ ವಾರ್ಫರಿನ್‌ದೂ ಹಾಗೆಯೇ. ಇವೆಲ್ಲ ಚಿಕಿತ್ಸೆಯನ್ನು ಎಚ್ಚರದಿಂದ ಕೊಡಲು ಕಾರಣಗಳು. ತೀರಾ ವಯಸ್ಸಾದವರಲ್ಲಿ ವೈದ್ಯರು ಪೈರಾಜಿನಮೈಡ್ ಬಿಟ್ಟು ಅವಧಿ ಹೆಚ್ಚಿಸುವ ದಾರಿಯೂ ಇದೆ. ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಮತ್ತೆ ಕರ್ನಾಟಕದ ಹಳ್ಳಿಗಳನ್ನೇ ನೋಡಬಹುದು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ರೋಗಿಗಳ ಸ್ಥಿತಿಯನ್ನು ಗಮನಿಸಿದಾಗ, ಐದು ವರ್ಷಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ತೀರಿಕೊಂಡಿದ್ದರು, ಮೂರನೇ ಒಂದು ಭಾಗ ತಾನಾಗಿ ವಾಸಿಯಾಗಿತ್ತು, ಉಳಿದವರು ಇನ್ನೂ ಕಫದಲ್ಲಿ ರೋಗ ಹೊತ್ತು ತಿರುಗುತ್ತಿದ್ದರು. ಮಾತ್ರೆಯ ಅಪಾಯವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ತೂಗಬೇಕು.

ಚಿಕಿತ್ಸೆ ಶುರುವಾದ ಮೊದಲ ಎರಡು ತಿಂಗಳೇ ಹಿರಿಯರಿಗೆ ಕಠಿಣ, ಸಾವುಗಳು ಹೆಚ್ಚಾಗಿ ಆಗುವುದೂ ಆಗಲೇ. ತಮಿಳುನಾಡು 2022ರಲ್ಲಿ ಆರಂಭಿಸಿದ ‘ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ’ ಇಲ್ಲಿ ಮಾದರಿಯಾಗಬಹುದು. ಹೊಸದಾಗಿ ಪತ್ತೆಯಾದ ಪ್ರತಿ ರೋಗಿಯ ತೂಕ, ಎತ್ತರ, ಉಸಿರಾಟದ ವೇಗ, ಆಮ್ಲಜನಕದ ಪ್ರಮಾಣ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬುದನ್ನು ಮೊದಲ ದಿನವೇ ನೋಡಿ, ತೀರಾ ನಿತ್ರಾಣರಾದವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸುವ ಕ್ರಮ ಅದು. ದುಬಾರಿ ಯಂತ್ರ ಬೇಕಿಲ್ಲ, ತೂಕದ ಯಂತ್ರ ಮತ್ತು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸಾಕು. ಊಟದ ವಿಷಯದಲ್ಲಿ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮರೆಯುವಂತಿಲ್ಲ. ರೋಗಿಗಳ ಮನೆಮಂದಿಗೂ ಪೌಷ್ಟಿಕ ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗಳ ಊಟಕ್ಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಕೊಡಲಾಗುತ್ತಿದೆ, ಒಳ್ಳೆಯದೇ. ಬ್ಯಾಂಕಿಗೆ ಬಿದ್ದ ದುಡ್ಡು ಹಲ್ಲಿಲ್ಲದ ಅಜ್ಜಿಯ ತಟ್ಟೆಯಲ್ಲಿ ಮೆತ್ತನೆಯ ಬೇಳೆಯಾಗಿ, ಮೊಟ್ಟೆಯಾಗಿ ಬೀಳುತ್ತದೆಯೇ ಎಂದು ನೋಡುವವರು ಮಾತ್ರ ಬೇಕು.

ಇನ್ನೊಂದು ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿರುತ್ತದೆ. ಈ ವಯಸ್ಸಿನಲ್ಲಿ ಇಷ್ಟೆಲ್ಲ ಯಾಕೆ, ಗುಳಿ ಕಡಿಮೆ ಇದ್ದ ಮೇಲೆ ಅವರಿಂದ ಹರಡುವುದೂ ಕಡಿಮೆಯಲ್ಲವೇ ಎಂದು. ಕಡಿಮೆ ಇರಬಹುದು, ಇಲ್ಲವೆಂದಲ್ಲ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿ ಮಲಗುವ ಕೋಣೆಯಲ್ಲೇ ಮೊಮ್ಮಕ್ಕಳೂ ಮಲಗುತ್ತಾರೆ, ಹಗಲೆಲ್ಲ ಕೂಸು ಅವರ ತೊಡೆಯ ಮೇಲೇ. ಐದು ವರ್ಷದೊಳಗಿನ ಮಗುವಿಗೆ ಸೋಂಕು ತಗಲಿದರೆ ಅದು ಮಿದುಳಿನ ಪೊರೆಗೆ ಏರುವಂಥ ಭೀಕರ ರೂಪ ತಾಳುವ ಸಾಧ್ಯತೆ ದೊಡ್ಡವರಿಗಿಂತ ಬಹಳ ಹೆಚ್ಚು. ಮನೆಯ ಹಿರಿಯರ ರೋಗ ಪತ್ತೆಯಾದರೆ ಮಾತ್ರ ಆ ಮಗುವಿಗೆ ತಡೆ ಚಿಕಿತ್ಸೆ ಸಿಗುತ್ತದೆ. ಹರಡುವ ಮಾತನ್ನು ಬದಿಗಿಟ್ಟರೂ, ವಾಸಿಯಾಗುವ ಕಾಯಿಲೆಯನ್ನು ವಯಸ್ಸಿನ ಹೆಸರಿನಲ್ಲಿ ಬಿಟ್ಟುಬಿಡುವುದಕ್ಕೆ ಯಾವ ಸಮರ್ಥನೆಯಿದೆ? ಜಪಾನಿನಲ್ಲಿ ಕ್ಷಯ 2021ರಲ್ಲಿ ಲಕ್ಷಕ್ಕೆ ಹತ್ತಕ್ಕಿಂತ ಕೆಳಗೆ ಇಳಿಯಿತು. ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರು 65 ದಾಟಿದವರು. ಕಿರಿಯರಲ್ಲಿ ರೋಗ ತಗ್ಗುತ್ತ ಹೋದಂತೆ ಕೊನೆಗೆ ಉಳಿಯುವುದು ವಯಸ್ಸಾದವರ ಕ್ಷಯವೇ. 2015ರಲ್ಲಿ ಲಕ್ಷಕ್ಕೆ 237 ಇದ್ದ ಭಾರತದ ಹೊಸ ಪ್ರಕರಣಗಳ ಪ್ರಮಾಣ 2023ರ ವೇಳೆಗೆ 195ಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇನ್ನೂ ಇಳಿಯಬೇಕೆಂದರೆ ಅಜ್ಜ ಅಜ್ಜಿಯರ ಎದೆ ನೋಡದೆ ಬೇರೆ ದಾರಿಯಿಲ್ಲ.

ಹರಿಹರ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಲು ಹೊಸ ಇಲಾಖೆ ಬೇಕಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋಡಲು ಮನೆಬಾಗಿಲಿಗೆ ಹೋಗುವ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾಯಿತು. ಅಂಥ ಭೇಟಿಯಲ್ಲಿ ಅರವತ್ತು ದಾಟಿದವರ ತೂಕವನ್ನು ಒಂದು ಕಾರ್ಡಿನಲ್ಲಿ ಬರೆದು ಅವರ ಕೈಯಲ್ಲೇ ಇಡಬೇಕು. ಪ್ರತಿ ಸಲ ಹೊಸ ಚೀಟಿ ಬರೆಯುವ ಆಸ್ಪತ್ರೆಯಲ್ಲಿ ಹಿಂದಿನ ತೂಕ ಯಾರಿಗೂ ಗೊತ್ತಿರುವುದಿಲ್ಲ. ತೂಕ ಇಳಿದಿದ್ದರೆ, ಏದುಸಿರು ಹೊಸದಾಗಿ ಹೆಚ್ಚಿದ್ದರೆ, ಹತೋಟಿಯಲ್ಲಿದ್ದ ಶುಗರ್ ಕಾರಣವಿಲ್ಲದೆ ಏರಿದ್ದರೆ ಆಶಾ ಕಾರ್ಯಕರ್ತೆ ಕ್ಷಯದ ಪರೀಕ್ಷೆಗೆ ಬರೆಯುವಂತಿರಬೇಕು, ಕೆಮ್ಮು ಎರಡು ವಾರ ದಾಟಿತೇ ಎಂದು ಕಾಯಬಾರದು. ಎಕ್ಸ್‌ರೇ ಯಂತ್ರ ತಿಂಗಳಿಗೊಮ್ಮೆಯಾದರೂ ಮಲೆಬೆನ್ನೂರಿಗೆ ಬರಲಿ, ಅದೂ ಹಿರಿಯರು ಪಿಂಚಣಿಗೆಂದು ಹೇಗೂ ಹೊರಗೆ ಬರುವ ದಿನಗಳಲ್ಲಿ. ಕಫದ ಡಬ್ಬಿಯನ್ನು ಹರಿಹರಕ್ಕೋ ದಾವಣಗೆರೆಗೋ ಮುಟ್ಟಿಸುವ ಹೊಣೆ ಇಲಾಖೆಯದಾಗಲಿ, ಎಪ್ಪತ್ತೈದರ ಅಜ್ಜಿ ಅದನ್ನು ಹಿಡಿದು ಬಸ್ಸು ಹತ್ತುವುದು ಬೇಡ. ಮಿಲ್ಲಿನ ದೂಳಿನಲ್ಲಿ ದಶಕಗಟ್ಟಲೆ ದುಡಿದು ಈಗ ಮನೆಯಲ್ಲಿ ಕೂತಿರುವ ಹಮಾಲರಿಂದಲೇ ಶುರುಮಾಡಿದರೂ ಆದೀತು. ಫಲಿತಾಂಶ ‘ಇಲ್ಲ’ ಎಂದು ಬಂದಾಗ ಕಡತ ಮುಚ್ಚದೆ, ಒಂದು ತಿಂಗಳ ಮೇಲೆ ಮತ್ತೆ ತೂಕ ನೋಡಬೇಕು. ಆಗಲೂ ಇಳಿದಿದ್ದರೆ ಆ ವ್ಯಕ್ತಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ, ಕ್ಷಯವೋ ಕ್ಯಾನ್ಸರೋ ಮತ್ತೊಂದೋ ಎಂಬುದು ತೀರ್ಮಾನವಾಗುವವರೆಗೆ ಅವರ ಹೆಸರು ಪಟ್ಟಿಯಲ್ಲಿ ಉಳಿಯಬೇಕು.